ರುಕ್ಮಯ್ಯ ಗೌಡರು ಕೋವಿ ನೋಡಲು ಹೋದದ್ದು

ನಮ್ಮ ಠಾಣೆಯ ಹೆಡ್ ಕಾನ್‌ಸ್ಟೇಬಲ್ ರುಕ್ಮಯ್ಯ ಗೌಡರು ಸ್ವಂತಕ್ಕೊಂದು ಕೋವಿ ಕೊಳ್ಳಬೇಕೆಂದು ಹೊರಟದ್ದರಿಂದ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ತಾಲೂಕಿನಲ್ಲಿ ಪಂಚಾಯತ್ ಚುನಾವಣೆ ಬಂದುಬಿಟ್ಟಿತು. ನಂಬುವುದಿಲ್ಲವೆಂದರೆ ಬಿಡಿ, ನಿಮ್ಮ ಇಷ್ಟ. ಠಾಣೆಯ ಎದುರು ಝೆರಾಕ್ಸ್ ಅಂಗಡಿ ಇಟ್ಟುಕೊಂಡು ಕೂತವನು ನಾನು, ನೀವಲ್ಲ. ಆ ವಾರ ಮತ್ತೆ ಮತ್ತೆ ಟೋನರ್ ತರಿಸಿದವನೂ ನಾನೇ. ಆದ್ದರಿಂದ ಈ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕವಿದೆ ಎಂದು ನಾನೇ ಹೇಳಿಕೊಳ್ಳುತ್ತೇನೆ.

ಪೊಲೀಸಿನವರಿಗೆ ಕೋವಿಗೇನು ಬರಗಾಲ ಎಂದು ನೀವು ಕೇಳಬಹುದು. ಅವರ ಹೆಂಡತಿ ಅಮ್ಮಣಿಯಕ್ಕನೂ ಅದನ್ನೇ ಕೇಳಿದರು.

"ಅದು ಸರ್ಕಾರದ್ದು ಮಾರಾಯ್ತಿ," ಎಂದರು ರುಕ್ಮಯ್ಯ. "ಇಷ್ಟು ವರ್ಷ ಹೆಗಲಲ್ಲಿ ಹೊತ್ತೆ. ಬರುವ ವರ್ಷ ರಿಟೈರ್ ಆಗುವಾಗ ಟೊಪ್ಪಿ, ಬೆಲ್ಟು, ರೈಫಲ್ ಎಲ್ಲ ಬಿಚ್ಚಿ ಇಟ್ಟು ಬರ್ಬೇಕು. ಪೊಲೀಸ್ ಆದವ ಕೈ ಬೀಸಿಕೊಂಡು ಮನೆಗೆ ಬಂದ್ರೆ ಎಂತ ಚಂದ?"

ಅವರ ಸಂಕಟ ಅರ್ಥವಾಗಬೇಕಾದರೆ ನಮ್ಮ ಕಡೆಯ ಪದ್ಧತಿ ತಿಳಿದಿರಬೇಕು. ಇಲ್ಲಿ ಬೇಸಾಯದ ಮನೆಗಳಲ್ಲಿ ಮಂಗ, ಹಂದಿ ಓಡಿಸಲು ಪರವಾನಗಿಯ ಕೋವಿ ಇರುತ್ತದೆ. ಚುನಾವಣೆ ಘೋಷಣೆಯಾಯಿತೋ, ಎಲ್ಲರೂ ಅದನ್ನು ತಂದು ಠಾಣೆಯಲ್ಲಿ ಠೇವಣಿ ಇಡಬೇಕು; ಮತ ಎಣಿಕೆ ಮುಗಿದ ಮೇಲೆ ವಾಪಸು. ರುಕ್ಮಯ್ಯನವರು ಯಾವ ಠಾಣೆಗೆ ವರ್ಗವಾದರೂ ಆ ಕೋವಿಗಳನ್ನು ತೆಗೆದುಕೊಂಡು, ಚೀಟಿ ಕಟ್ಟಿ, ಎಣ್ಣೆ ಒರೆಸಿ, ಜೋಪಾನ ಮಾಡಿ, ಮತ್ತೆ ಯಜಮಾನರ ಕೈಗೆ ಒಪ್ಪಿಸುವ ಕೆಲಸ ಅವರ ತಲೆಗೇ ಬರುತ್ತಿತ್ತು. ಹೆರಿಗೆ ಆಸ್ಪತ್ರೆಯ ನರ್ಸಿನ ಹಾಗೆ ಊರವರ ಮಕ್ಕಳನ್ನೆಲ್ಲ ಎತ್ತಿ ಆಡಿಸಿದ್ದರು, ಸ್ವಂತದ್ದೊಂದು ಇರಲಿಲ್ಲ.

ವರ್ಷಗಟ್ಟಲೆ ಅಲೆದ ಮೇಲೆ ಅವರ ಹೆಸರಿಗೆ ಪರವಾನಗಿ ಬಂದಿತ್ತು. ಆದರೆ ಅದಕ್ಕೊಂದು ಗಡುವು: ಈ ತಿಂಗಳ ಕೊನೆಯೊಳಗೆ ಕೋವಿ ಕೊಂಡು ಕಚೇರಿಯಲ್ಲಿ ತೋರಿಸಬೇಕು, ಇಲ್ಲದಿದ್ದರೆ ಪರವಾನಗಿ ರದ್ದು. ರುಕ್ಮಯ್ಯನವರು ಸುಮ್ಮನೆ ಕೂತಿದ್ದಕ್ಕೆ ಗಡುವು ಹತ್ತಿರ ಬಂದದ್ದಲ್ಲ. ಆಯ್ಕೆ ಮಾಡಲಾಗದೆ ಬಂದದ್ದು. ಮುಂಡಾಜೆಯಲ್ಲೊಂದು ಒಂಟಿನಳಿಗೆ ನೋಡಿ "ಹಿಡಿ ಸರಿ ಇಲ್ಲ" ಎಂದರು. ಇನ್ನೊಂದು ಕಡೆ ಜೋಡುನಳಿಗೆ ನೋಡಿ "ಭಾರ ಜಾಸ್ತಿ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ರೈಫಲ್. ಗಸ್ತಿಗೆ ಹೋಗುವಾಗ ಹೆಗಲಿಗೆ ಹಾಕಿಕೊಂಡರೆ ಎದುರು ಬಂದವರು ದಾರಿ ಬಿಡಬೇಕು, ಅಂಥದ್ದು.

"ರಿಟೈರ್ ಆದ ಮೇಲೆ ಎಲ್ಲಿಯ ಗಸ್ತು?" ಎಂದು ನಾನು ಕೇಳಿದೆ.

"ನಮ್ಮ ಹಿತ್ತಲಲ್ಲಿ. ಹನ್ನೆರಡು ತೆಂಗಿನಮರ ಉಂಟು, ತಮಾಷೆಯಾ?"

ಅಮ್ಮಣಿಯಕ್ಕನ ಬೇಡಿಕೆ ಬೇರೆಯೇ. "ಸದ್ದು ಜೋರಾಗಿರ್ಬೇಕು. ಮಂಗ ಓಡ್ಬೇಕು, ಸಾಯ್ಬಾರ್ದು. ಸತ್ತರೆ ಆಂಜನೇಯನ ದೋಷ ತಾಗ್ತದೆ. ಅಂಥದ್ದು ಇದ್ರೆ ತನ್ನಿ, ಇಲ್ಲದಿದ್ರೆ ಒಂದು ಮಾಲೆ ಪಟಾಕಿ ತನ್ನಿ."

ಹೀಗಿರುವಾಗ ಮಾಣಿಯಲ್ಲಿ ಮೂಸಬ್ಬ ಹಾಜಿಯವರ ಮನೆಯಲ್ಲೊಂದು ಹಳೆಯ ರೈಫಲ್ ಇದೆ, ಮಕ್ಕಳೆಲ್ಲ ಗಲ್ಫಿನಲ್ಲಿರುವುದರಿಂದ ಅದನ್ನು ಮುಟ್ಟುವವರಿಲ್ಲ, ಕೇಳಿದರೆ ಕೊಟ್ಟಾರು ಎಂದು ಯಾರೋ ಹೇಳಿದರು. ರುಕ್ಮಯ್ಯನವರಿಗೆ ಅದೇ ವಾರ ಬಂಟ್ವಾಳದ ಕೋರ್ಟಿನಲ್ಲಿ ಸಾಕ್ಷಿ ಹೇಳುವುದಿತ್ತು. "ಅಲ್ಲಿಂದ ಮಾಣಿಗೆ ಎಷ್ಟು ದೂರ? ನೀವೂ ಬನ್ನಿ ಝೆರಾಕ್ಸಿನವರೆ. ಸಂಬಂಧ ನೋಡಲಿಕ್ಕೆ ಒಬ್ಬನೇ ಹೋಗ್ಬಾರ್ದು," ಎಂದರು. ನಾನು ಅಂಗಡಿಗೆ ಬಾಗಿಲು ಹಾಕಿ ಸ್ಕೂಟರಿನ ಹಿಂದೆ ಕೂತೆ. ಕೋರ್ಟಿಗೆ ಬಂದವರಾದ್ದರಿಂದ ಅವರು ಪೂರ್ತಿ ಯೂನಿಫಾರ್ಮಿನಲ್ಲಿದ್ದರು. ಎಲ್ಲ ಅನಾಹುತಕ್ಕೂ ಮೂಲ ಆ ಇಸ್ತ್ರಿ ಹಾಕಿದ ಖಾಕಿ.

ದಾರಿಯಲ್ಲಿ ಅವರು ನನಗೊಂದು ಪಾಠ ಹೇಳಿದರು. "ನೋಡಿ, ದನ ನೋಡಲಿಕ್ಕೆ ಹೋದವ ದನ ಬೇಕು ಅಂತ ಬಾಯಿ ಬಿಡ್ಬಾರ್ದು. ಬಿಟ್ಟರೆ ರೇಟು ಏರ್ತದೆ. ಸುಮ್ಮನೆ ಬಂದ ಹಾಗೆ ಬರ್ಬೇಕು, ನೋಡ್ಬೇಕು, ಮುಖ ಗಂಟು ಹಾಕ್ಬೇಕು. ಕೊಡುವ ಮಾತು ಅವರ ಬಾಯಿಂದಲೇ ಬರ್ಬೇಕು."

ಮೂಸಬ್ಬ ಹಾಜಿ ಜಗಲಿಯಲ್ಲಿ ಕೂತಿದ್ದರು. ಪೊಲೀಸು ಬಂದದ್ದು ನೋಡಿ ಎದ್ದು ನಿಂತರು. ಒಳಗಿನಿಂದ ಅವರ ಹೆಂಡತಿ ರುಖಿಯಮ್ಮ ಬಾಗಿಲ ಸಂದಿಯಲ್ಲಿ ಇಣುಕಿದರು.

"ಸುಮ್ಮನೆ ಬಂದದ್ದು ಹಾಜಿಯವರೆ," ಎಂದರು ರುಕ್ಮಯ್ಯ, ಮುಖವನ್ನು ಆದಷ್ಟು ಗಂಟು ಹಾಕಿ. "ನಿಮ್ಮಲ್ಲಿ ಕೋವಿ ಉಂಟಲ್ಲ. ಒಮ್ಮೆ ನೋಡುವ."

ಹಾಜಿಯವರು ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ರೈಫಲ್ ತಂದರು. ಅದನ್ನು ನೋಡಿದ ಕ್ಷಣ ರುಕ್ಮಯ್ಯನವರ ಮುಖದ ಗಂಟಿನಲ್ಲೊಂದು ಎಳೆ ಸಡಿಲವಾಯಿತು. ಸಣ್ಣ ನಳಿಗೆಯ ಹಳೇ ಕಾಲದ ರೈಫಲ್, ಮರದ ಹಿಡಿ, ಕೈಯಾಡಿ ಕೈಯಾಡಿ ನುಣುಪಾದದ್ದು. ಹೆಗಲಿಗೆ ಇಟ್ಟು ನೋಡಿದರು. ಇಳಿಸಿದರು. ಮತ್ತೆ ಇಟ್ಟರು. ನಳಿಗೆಯನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ಪರವಾನಗಿ ಪುಸ್ತಕ ಕೇಳಿ, ನಂಬರನ್ನು ಗಟ್ಟಿಯಾಗಿ ಓದಿ ತಾಳೆ ನೋಡಿದರು. ಅವರಿಗೆ ಅದರ ಮೇಲೆ ಮನಸ್ಸಾಗಿದೆ ಎಂದು ನನಗೆ ಗೊತ್ತಾಯಿತು. ಪಕ್ಕದ ಮನೆಯವರು ಬೇಲಿಯ ಮೇಲಿಂದ ನೋಡುತ್ತಿದ್ದದ್ದೂ ಗೊತ್ತಾಯಿತು.

ಹಾಜಿಯವರು ಸ್ವಲ್ಪ ಹೊತ್ತು ನೋಡಿ, ತಾವಾಗಿಯೇ ಕೇಳಿದರು: "ಯಾವಾಗ ತಂದು ಕೊಡ್ಬೇಕು ಸಾಹೇಬ್ರೆ?"

ರುಕ್ಮಯ್ಯ ನನ್ನ ಕಡೆ ಒಂದು ವಿಜಯದ ನೋಟ ಬೀರಿದರು. "ತಿಂಗಳ ಕೊನೆಯೊಳಗೆ ಆಗ್ಬೇಕು. ಅದಕ್ಕಿಂತ ಬೇಗ ಆದ್ರೆ ಒಳ್ಳೆಯದು. ಆದ್ರೆ ಒಂದು ಮಾತು, ಈಗಲೇ ಯಾರಿಗೂ ಹೇಳ್ಬೇಡಿ."

ಯಾರಿಗೂ ಹೇಳಬೇಡಿ ಎಂದದ್ದು ಅಮ್ಮಣಿಯಕ್ಕನ ತಮ್ಮ ಜಯಪ್ರಕಾಶನ ಹೆದರಿಕೆಗೆ. ಅವನಿಗೆ ತಿಳಿದರೆ ಅವನೇ ಬಂದು ಆಯ್ಕೆ ಮಾಡುತ್ತಾನೆ, ಎಲ್ಲದರಲ್ಲೂ ಮೂಗು ತೂರಿಸುವ ಆಸಾಮಿ. ಆದರೆ ಹಾಜಿಯವರಿಗೆ ಜಯಪ್ರಕಾಶನ ಸಂಗತಿ ಏನು ಗೊತ್ತು? ಪಂಚಾಯತ್‌ಗಳ ಅವಧಿ ಮುಗಿದು, ಚುನಾವಣೆ ಇವತ್ತು ಬರುತ್ತದೆ ನಾಳೆ ಬರುತ್ತದೆ ಎಂದು ಊರೇ ಬಾಯಿಬಿಟ್ಟುಕೊಂಡು ಕಾಯುತ್ತಿದ್ದ ಕಾಲ. ಯೂನಿಫಾರ್ಮಿನ ಪೊಲೀಸು ಮನೆಗೆ ಬಂದು, ಕೋವಿ ತರಿಸಿ, ನಂಬರು ನೋಡಿ, ತಿಂಗಳ ಕೊನೆಯೊಳಗೆ ತಂದು ಕೊಡಿ, ಯಾರಿಗೂ ಹೇಳಬೇಡಿ ಎಂದರೆ ಬುದ್ಧಿಯಿದ್ದ ಯಾರಿಗಾದರೂ ಏನು ಅನಿಸಬೇಕೋ ಅದೇ ಅವರಿಗೆ ಅನಿಸಿತು. ನಮಗೆ ಆಗ ಅದು ಹೊಳೆಯಲಿಲ್ಲ. ರುಖಿಯಮ್ಮ ಕೊಟ್ಟ ಸುಲೈಮಾನಿ ಚಹಾ ಕುಡಿದು ಹೊರಟೆವು.

"ನೋಡಿದ್ರಾ?" ಎಂದು ರುಕ್ಮಯ್ಯ ದಾರಿಯುದ್ದಕ್ಕೂ ಕುಣಿಯುವಷ್ಟು ಖುಷಿಯಲ್ಲಿದ್ದರು. "ನಾನು ಬಾಯಿ ಬಿಟ್ಟೆನಾ? ಇಲ್ಲ. ಅವರೇ ಕೇಳಿದ್ರು, ಯಾವಾಗ ಕೊಡ್ಬೇಕು ಅಂತ! ವ್ಯಾಪಾರ ಅಂದ್ರೆ ಹೀಗೆ."

ನಾವು ಮಾಣಿ ದಾಟುವುದರೊಳಗೆ ರುಖಿಯಮ್ಮ ಮೂಡುಬಿದಿರೆಯಲ್ಲಿದ್ದ ತಂಗಿ ಅವ್ವಮ್ಮನಿಗೆ ಫೋನು ಮಾಡಿದ್ದರು. ಯಾರಿಗೂ ಹೇಳಬಾರದು ಎಂದು ಆಣೆ ಹಾಕಿಸಿಯೇ ಹೇಳಿದ್ದರು. ಅವ್ವಮ್ಮನೂ ಆಣೆ ಹಾಕಿಸಿಯೇ ಪಕ್ಕದ ಮನೆಗೆ ಹೇಳಿದರು. ಅಂತೂ ಎಲ್ಲರೂ ಆಣೆ ಹಾಕಿಸಿಕೊಂಡು, ಮಾತು ಉಳಿಸಿಕೊಂಡು, ರಾತ್ರಿ ಊಟದ ಹೊತ್ತಿಗೆ ವಿಷಯವನ್ನು ನಾರಾವಿಗೆ ತಲುಪಿಸಿದರು.

ಮರುದಿನ ಬೆಳಿಗ್ಗೆ ನಾನು ಅಂಗಡಿಯ ಶಟರ್ ಎತ್ತುವಾಗ ನಾರಾವಿಯ ಸುಬ್ಬಪ್ಪಜ್ಜ ಹೊರಗೆ ನಿಂತಿದ್ದರು. ಕಂಕುಳಲ್ಲಿ ಹೆಗಲ ಬೈರಾಸು ಬಟ್ಟೆಯಲ್ಲಿ ಸುತ್ತಿದ ಜೋಡುನಳಿಗೆ ಕೋವಿ, ಕೈಯಲ್ಲಿ ಪರವಾನಗಿ.

"ಒಂದು ಝೆರಾಕ್ಸ್ ಹೊಡಿ. ಕಳೆದ ಸಲ ತಡ ಆಯ್ತು ಅಂತ ಆ ರುಕ್ಮಯ್ಯ ನನಗೆ ಬೈದದ್ದು. ಈ ಸಲ ನಾನೇ ಫಸ್ಟು."

ನಾನು ಝೆರಾಕ್ಸ್ ಹೊಡೆದು ಅವರ ಹಿಂದೆಯೇ ಹೋದೆ. ಅಜ್ಜ ಕೌಂಟರಿನ ಮೇಲೆ ಕೋವಿ ಮಲಗಿಸಿದರು. ರುಕ್ಮಯ್ಯ ಕಣ್ಣುಕಣ್ಣು ಬಿಟ್ಟರು.

"ಎಂತಕ್ಕೆ ಅಜ್ಜ ಇದು?"

ಅಜ್ಜ ಒಂದು ಕಣ್ಣು ಹೊಡೆದರು. "ಗೊತ್ತುಂಟು, ಗೊತ್ತುಂಟು. ನೀನು ಬಾಯಿ ಬಿಡ್ಬೇಡ. ನಿನ್ನ ಕೆಲಸಕ್ಕೆ ತೊಂದರೆ."

ರುಕ್ಮಯ್ಯನವರ ತಲೆಯಲ್ಲಿ ಲೆಕ್ಕಾಚಾರ ಶುರುವಾಯಿತು. ನಿನ್ನೆ ಇಡೀ ದಿನ ತಾನು ಠಾಣೆಯಲ್ಲಿರಲಿಲ್ಲ. ಎಸ್.ಐ. ಸಾಹೇಬರು ಊರಿಗೆ ಹೋಗಿದ್ದಾರೆ. ಈ ಮಧ್ಯೆ ಆದೇಶ ಬಂದಿರಬೇಕು. ಮೇಲಿನವರಿಗೆ ಫೋನು ಮಾಡಿ ಚುನಾವಣೆ ಘೋಷಣೆಯಾಗಿದೆಯೇ ಎಂದು ಕೇಳಿದರೆ "ಪೇಪರ್ ಓದುವುದಿಲ್ಲವೇನ್ರೀ" ಎಂದು ಮಂಗಳಾರತಿ ಗ್ಯಾರಂಟಿ. ಅಜ್ಜನಿಗೆ ಗೊತ್ತಿರುವ ಸಂಗತಿ ತನಗೆ ಗೊತ್ತಿಲ್ಲವೆಂದು ತೋರಿಸಿಕೊಳ್ಳುವುದಾದರೂ ಹೇಗೆ? ಸುಮ್ಮನೆ ಚೀಟಿ ಬರೆದು ಕೋವಿ ತೆಗೆದುಕೊಂಡರು. ಅಜ್ಜನ ಹಿಂದೆ ಇನ್ನಿಬ್ಬರು ನಿಂತಿದ್ದರು. ಮಧ್ಯಾಹ್ನದ ಹೊತ್ತಿಗೆ ಸಾಲು ನನ್ನ ಅಂಗಡಿ ದಾಟಿ ಬಸ್‌ಸ್ಟ್ಯಾಂಡಿನವರೆಗೆ ಹೋಯಿತು.

ಆಗ ಮಾಣಿ ಕಡೆಯ ಠಾಣೆಯಿಂದ ಹೆಡ್ ಕಾನ್‌ಸ್ಟೇಬಲ್ ಅಬ್ದುಲ್ ಹಕೀಂ ಅವರ ಫೋನು ಬಂತು. ರುಕ್ಮಯ್ಯನವರ ಹಳೆಯ ಸ್ನೇಹಿತರು.

"ರುಕ್ಮಯ್ಯಣ್ಣ, ನಿಮ್ಮಲ್ಲಿ ಕೋವಿ ತಗೊಳ್ತಾ ಇದ್ದೀರಂತಲ್ಲ?"

"ಹೌದು, ತಗೊಳ್ತಾ ಇದ್ದೇವೆ. ನಿಮ್ಮಲ್ಲಿ?"

"ಜನ ತಕೊಂಡು ಬಂದಿದ್ದಾರೆ. ನೀವು ತಗೊಳ್ತೀರಿ ಅಂತಾದ್ರೆ ನಾವೂ ತಗೊಳ್ತೇವೆ."

"ಹಾಂ, ತಗೊಳ್ಳಿ, ತಗೊಳ್ಳಿ."

ಫೋನಿಟ್ಟ ರುಕ್ಮಯ್ಯನವರ ಮುಖದಲ್ಲಿ ನೆಮ್ಮದಿ ಮೂಡಿತು. "ಅವರಿಗೂ ಆದೇಶ ಬಂದಿದೆ," ಎಂದರು ನನಗೆ. ಅತ್ತ ಹಕೀಂ ಅವರೂ ತಮ್ಮವರಿಗೆ ಅದನ್ನೇ ಹೇಳಿದರಂತೆ. ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎನ್ನುವವರು ಎಲ್ಲ ಊರಿನಲ್ಲೂ ಇದ್ದಾರೆ. ನಮ್ಮ ಕಡೆ ಎರಡು ಠಾಣೆಯವರು ಸೇರಿ ಕರುವಿಗೆ ಹೆಸರನ್ನೂ ಇಟ್ಟರು.

ಸಂಜೆ ನಾನು ರುಕ್ಮಯ್ಯನವರ ಮನೆಯಲ್ಲಿ ಚಹಾ ಕುಡಿಯುತ್ತಿದ್ದಾಗ ಜಯಪ್ರಕಾಶ ಬಂದ. ಬಿಳಿ ಅಂಗಿ, ಬಿಳಿ ಪಂಚೆ. ಬಾಗಿಲಲ್ಲೇ ಅಕ್ಕನಿಗೆ ಕೈಮುಗಿದ. ಹುಟ್ಟಿದಂದಿನಿಂದ ಅಕ್ಕನಿಗೆ ಕೈಮುಗಿಯದವನು.

"ನಿನಗೆ ಎಂತ ಆಗಿದೆ ಮಾರಾಯ?" ಎಂದರು ಅಮ್ಮಣಿಯಕ್ಕ.

ಅವನು ಹೋಗಿ ರುಕ್ಮಯ್ಯನವರ ಪಕ್ಕ ಕೂತ. "ಭಾವ, ನೀವು ಮಾಣಿಗೆ ಹೋದದ್ದು ಇಡೀ ಊರಿಗೆ ಗೊತ್ತುಂಟು. ನನ್ನ ಹತ್ರ ಯಾಕೆ ಮುಚ್ಚಿಟ್ಟದ್ದು? ನಾನು ಹೊರಗಿನವನಾ?"

ಕೋವಿ ನೋಡಿದ ಗುಟ್ಟು ಒಡೆಯಿತೆಂದು ರುಕ್ಮಯ್ಯ ಕೆಂಪಗಾದರು. "ಮುಚ್ಚಿಟ್ಟದ್ದಲ್ಲ ಜಯಪ್ರಕಾಶ. ಪೂರ್ತಿ ನಿಶ್ಚಯ ಆಗ್ಲಿ, ಮತ್ತೆ ಹೇಳುವ ಅಂತ ಇದ್ದೆ. ತಿಂಗಳ ಕೊನೆಯೊಳಗೆ ಮುಗಿಸ್ಬೇಕು."

"ತಿಂಗಳ ಕೊನೆಯೊಳಗಾ!" ಅವನು ಹಾರಿ ನಿಂತ. "ಸತ್ತೆ! ನನ್ನ ಬ್ಯಾನರ್ ಇನ್ನೂ ಪ್ರಿಂಟ್ ಆಗ್ಲಿಲ್ಲ!"

ಅವನು ಓಡಿದ ಮೇಲೆ ರುಕ್ಮಯ್ಯ ನನ್ನ ಮುಖ ನೋಡಿದರು. "ನಾನು ಕೋವಿ ತಗೊಂಡ್ರೆ ಇವನು ಬ್ಯಾನರ್ ಹಾಕ್ಲಿಕ್ಕುಂಟಾ? ಇಷ್ಟು ಪ್ರೀತಿ ಉಂಟು ಅಂತ ನನಗೆ ಗೊತ್ತೇ ಇರ್ಲಿಲ್ಲ." ಅವರ ಕಣ್ಣು ಸ್ವಲ್ಪ ಒದ್ದೆಯಾಗಿತ್ತು.

ಮಾರನೇ ದಿನದಿಂದ ಜಯಪ್ರಕಾಶ ಮತ ಕೇಳಲು ಮನೆಮನೆಗೆ ನಡೆಯತೊಡಗಿದ. ಅವನನ್ನು ನೋಡಿ ಅವನ ಎದುರಾಳಿಯೂ ನಡೆಯತೊಡಗಿದ. ನೀತಿಸಂಹಿತೆ ಬಂದರೆ ಉದ್ಘಾಟನೆ ಮಾಡುವಂತಿಲ್ಲವೆಂದು ಪಂಚಾಯತಿನ ಮಾಜಿ ಅಧ್ಯಕ್ಷರು ಪೇಟೆಯ ಹೊಸ ಬಸ್ ತಂಗುದಾಣವನ್ನು ಅವಸರದಲ್ಲಿ ಉದ್ಘಾಟಿಸಿಬಿಟ್ಟರು. ಅದಕ್ಕೆ ಇನ್ನೂ ಛಾವಣಿಯಾಗಿರಲಿಲ್ಲ. ಅಧ್ಯಕ್ಷರು ರಿಬ್ಬನ್ ಕತ್ತರಿಸಿ ಭಾಷಣ ಮಾಡುವಾಗ ಬಿಸಿಲು ತಲೆಯ ಮೇಲೆ ಬಡಿಯುತ್ತಿತ್ತು. "ಇನ್ನು ಮುಂದೆ ಪ್ರಯಾಣಿಕರು ನೆರಳಿನಲ್ಲಿ ನಿಲ್ಲಬಹುದು," ಎಂದರು ಅವರು ಕೊಡೆ ಹಿಡಿದುಕೊಂಡೇ. ನಾವು ಚಪ್ಪಾಳೆ ತಟ್ಟಿದೆವು.

ಈ ಎಲ್ಲ ಗದ್ದಲದ ನಡುವೆ ರುಕ್ಮಯ್ಯ ಒಬ್ಬರೇ ಸುಖವಾಗಿದ್ದರು. ಹಗಲಿಡೀ ಕೋವಿಗಳಿಗೆ ಚೀಟಿ ಕಟ್ಟುವುದು, ಬಿಡುವಾದಾಗ ಮಾಣಿಯ ರೈಫಲನ್ನು ನೆನೆಯುವುದು. ಮೂರನೇ ದಿನ ನನ್ನ ಅಂಗಡಿಗೆ ಬಂದು, ಸ್ಟೂಲಿನಲ್ಲಿ ಕೂತು, ಹಾಜಿಯವರಿಗೆ ಫೋನು ಹಚ್ಚಿದರು. ಇನ್ನು ನೇರ ಮಾತಾಡಬಹುದು, ಮುಂಗಡ ಕೊಟ್ಟುಬಿಡುವ ಎಂಬ ಯೋಚನೆ.

"ಹಾಜಿಯವರೆ, ರುಕ್ಮಯ್ಯ ಮಾತಾಡುದು. ಆ ಕೋವಿಯ ವಿಷಯ."

"ಅದು ಆಗ್ಲೇ ಕೊಟ್ಟಾಯ್ತಲ್ಲ ಸಾಹೇಬ್ರೆ!"

"ಕೊಟ್ಟಾಯ್ತಾ? ಯಾರಿಗೆ?"

"ಹಕೀಂ ಸಾಹೇಬ್ರಿಗೆ, ಠಾಣೆಯಲ್ಲಿ. ನೀವೇ ಹೇಳಿದ್ದಲ್ವಾ ಬೇಗ ಆದ್ರೆ ಒಳ್ಳೆಯದು ಅಂತ. ಇನ್ನು ಎಲೆಕ್ಷನ್ ಮುಗಿದ ಮೇಲೆ ಸಿಗುದು. ನಾನೂ ಯಾರಿಗೂ ಹೇಳ್ಲಿಲ್ಲ, ನೀವು ಎಲೆಕ್ಷನ್ ಅಂತ ಹೇಳಿದ್ದು."

"ನಾನು ಹೇಳಿದ್ದಾ? ನಾನು ಎಲೆಕ್ಷನ್ ಅಂತ ಹೇಳ್ಲೇ ಇಲ್ಲ!"

"ಹೌದೌದು, ನೀವು ಬಾಯಿ ಬಿಡ್ಲಿಲ್ಲ. ನಾವೇ ಅರ್ಥ ಮಾಡಿಕೊಂಡದ್ದು. ಮಾಣಿಯಲ್ಲಿ ಎಲ್ಲರಿಗೂ ಖುಷಿ ಆಗಿದೆ, ಇಷ್ಟು ಒಳ್ಳೆ ಪೊಲೀಸ್ ಇಲ್ಲ ಅಂತ."

ರುಕ್ಮಯ್ಯ ಫೋನನ್ನು ಕಿವಿಯಿಂದ ತೆಗೆದು ಅದರ ಮುಖ ನೋಡಿದರು. ಆಮೇಲೆ ನನ್ನ ಮುಖ ನೋಡಿದರು.

"ಝೆರಾಕ್ಸಿನವರೆ, ಎಲೆಕ್ಷನ್ ಡಿಕ್ಲೇರ್ ಆಗಿದೆಯಾ?"

"ನಿಮಗೇ ಗೊತ್ತಿರ್ಬೇಕಲ್ಲ!"

"ನನಗೆ ಗೊತ್ತಿಲ್ಲ."

ನಾನು ಪೇಪರು ಬಿಡಿಸಿದೆ. ಇಬ್ಬರೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ, ಶ್ರದ್ಧಾಂಜಲಿಯನ್ನೂ ಬಿಡದೆ ಓದಿದೆವು. ಚುನಾವಣೆಯ ಸುದ್ದಿ ಎಲ್ಲೂ ಇರಲಿಲ್ಲ. ರುಕ್ಮಯ್ಯನವರು ತಲೆಯ ಮೇಲೆ ಕೈಯಿಟ್ಟರು. ಹಾಜಿಯವರ ರೈಫಲ್ ಹೊರಬರಬೇಕಾದರೆ ಚುನಾವಣೆ ಇಲ್ಲವೆಂದು ಹೇಳಬೇಕು. ಇಲ್ಲವೆಂದರೆ ಇದೆಯೆಂದು ಹೇಳಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಬಾಯಿ ಮುಚ್ಚಿ ಕೂತರೆ ಗಡುವು ಮುಗಿದು ಪರವಾನಗಿ ರದ್ದಾಗುತ್ತದೆ.

"ಈ ಜನ್ಮದಲ್ಲಿ ನನಗೆ ಕೋವಿ ಬರೆದಿಲ್ಲ," ಎಂದರು. ಅವತ್ತು ಝೆರಾಕ್ಸಿಗೆ ಬಂದವರನ್ನು ಮಿಷಿನು ಕೆಟ್ಟಿದೆ ಎಂದು ಹೇಳಿ ಕಳಿಸಿದೆ.

ಮರುದಿನ ಎಸ್.ಐ. ಸಾಹೇಬರು ರಜೆ ಮುಗಿಸಿ ಬಂದರು. ಬಾಗಲಕೋಟೆ ಕಡೆಯವರು, ದನಿ ಸ್ವಲ್ಪ ದೊಡ್ಡದು. ಅವರು ಠಾಣೆಯ ಒಳಗೆ ಮಾತಾಡಿದರೆ ನನಗೆ ಅಂಗಡಿಯಲ್ಲಿ ಕೂತಲ್ಲಿಗೇ ಕೇಳಿಸುತ್ತದೆ. ಆದರೂ ಸರಿಯಾಗಿ ಕೇಳಿಸಲೆಂದು ನಾನು ಯಾವುದೋ ಕಾಗದ ಹಿಡಿದುಕೊಂಡು ಒಳಗೇ ಹೋದೆ. ಸಾಹೇಬರ ಕುರ್ಚಿಯ ಹಿಂದೆ, ಮೇಜಿನ ಕೆಳಗೆ, ಕಪಾಟಿನ ಮೇಲೆ ಎಲ್ಲೆಲ್ಲೂ ಕೋವಿ. ಕೂರಲು ಜಾಗವಿಲ್ಲದೆ ಅವರು ನಿಂತೇ ಇದ್ದರು.

"ಏನ್ರೀ ಇದು? ಠಾಣೆ ಅದನೋ, ಮ್ಯೂಸಿಯಂ ಅದನೋ? ಯಾಂವ ಹೇಳಿದ ನಿಮಗ ಇಲೆಕ್ಷನ್ ಅಂತ?"

"ಯಾರೂ ಹೇಳ್ಲಿಲ್ಲ ಸರ್."

"ಮತ್ತ ಇವೆಲ್ಲಾ ತಾವಾಗೇ ನಡ್ಕೊಂಡ್ ಬಂದಾವೇನು?"

ರುಕ್ಮಯ್ಯನವರು ಎಲ್ಲವನ್ನೂ ಹೇಳಿಬಿಟ್ಟರು. ಕೋರ್ಟು, ಯೂನಿಫಾರ್ಮು, ದನ ನೋಡುವ ಉಪಾಯ, ಯಾರಿಗೂ ಹೇಳಬೇಡಿ ಎಂದದ್ದು, ಸುಬ್ಬಪ್ಪಜ್ಜ ಕಣ್ಣು ಹೊಡೆದದ್ದು, ಏನನ್ನೂ ಬಿಡಲಿಲ್ಲ. ಸಾಹೇಬರ ಬಾಯಿ ತೆರೆದಂತೆಯೇ ಇತ್ತು.

"ಅಂದ್ರ ನೀವು ಒಂದು ಬಂದೂಕ ಖರೀದಿ ಮಾಡಾಕ ಹೋಗಿ ಮೂರು ತಾಲೂಕಿಗೆ ಇಲೆಕ್ಷನ್ ಡಿಕ್ಲೇರ್ ಮಾಡಿ ಬಂದೀರಿ! ಏನ್ ಹೇಳ್ಲಿ ನಾ ಮ್ಯಾಲಿನವ್ರಿಗೆ? ಸಸ್ಪೆಂಡ್ ಆಗ್ತೀರಿ ರುಕ್ಮಯ್ಯ, ನೀವೂ ಆಗ್ತೀರಿ, ನಾನೂ ಆಗ್ತೀನಿ!"

"ಮಾಡಿ ಸರ್, ಬೇಕಾದ್ರೆ ಸಸ್ಪೆಂಡ್ ಮಾಡಿ," ಎಂದರು ರುಕ್ಮಯ್ಯ. "ಅದಕ್ಕೆ ಮೊದಲು ಎರಡು ದಿನ ರಜೆ ಕೊಡಿ. ಹಕೀಂಗೆ ಒಂದು ಫೋನು ಮಾಡಿ ಆ ಒಂದು ಕೋವಿ ಬಿಡಿಸಿ ಕೊಡಿ. ತಿಂಗಳು ಮುಗಿದ್ರೆ ಲೈಸೆನ್ಸ್ ಹೋಗ್ತದೆ. ಮತ್ತೆ ಈ ಪ್ರಾಯದಲ್ಲಿ ನನಗೆ ಯಾರು ಕೊಡ್ತಾರೆ ಸರ್? ಆಸೆ ಸರ್, ಬೇರೆ ಎಂತ ಇಲ್ಲ."

ಸಾಹೇಬರು ಕಿಟಕಿಯ ಕಡೆ ತಿರುಗಿ ನಿಂತರು. ಅವರ ಬೆನ್ನು ಅಲುಗುತ್ತಿತ್ತು. ಅವರು ನಗುತ್ತಿದ್ದಾರೆಂದು ಆಮೇಲೆ ತಿಳಿಯಿತು. ತಿರುಗಿದಾಗ ಮುಖ ಮತ್ತೆ ಗಡುಸಾಗಿತ್ತು.

"ನಮ್ಮಪ್ಪನ ಹತ್ರನೂ ಒಂದು ಬಂದೂಕ ಇತ್ರಿ. ಊಟಕ್ಕ ಕುಂತ್ರೂ ಬಾಜೂಕ ಇಟ್ಕೊಂಡೇ ಕುಂಡ್ರತಿದ್ದ. ಹೋಗ್ರಿ, ರಜಾ ತಗೋರಿ. ಬರೂದ್ರಾಗ ಈ ಎಲ್ಲಾ ಬಂದೂಕ ವಾಪಸ್ ಹೋಗಿರಬೇಕು."

ಹಕೀಂ ಅವರಿಗೆ ಫೋನು ಹೋಯಿತು. ಅವರು ತಮ್ಮಲ್ಲಿ ಬಂದ ಕೋವಿಗಳನ್ನೆಲ್ಲ ಅವತ್ತೇ ವಾಪಸು ಕೊಟ್ಟರು. ಹಾಜಿಯವರಿಗೆ ವಿಷಯ ತಿಳಿದಾಗ ನಕ್ಕು ನಕ್ಕು ಕೆಮ್ಮು ಬಂತಂತೆ. "ಬೇಕು ಅಂತ ಒಂದು ಮಾತು ಹೇಳಿದ್ರೆ ಅವತ್ತೇ ಕೊಡ್ತಿದ್ದೆ ಮಾರಾಯ್ರೆ, ಎಂತ ನೀವು!" ಎಂದು, ರೇಟನ್ನೂ ಏರಿಸದೆ ಕೊಟ್ಟರು. ಮಂಗಳೂರಿನ ಕಚೇರಿಯಲ್ಲಿ ಕಾದು, ಬೇಡಿ, ಸಹಿ ಸೀಲು ಮಾಡಿಸಿಕೊಂಡು, ಗಡುವಿಗೆ ಮೊದಲೇ ರುಕ್ಮಯ್ಯ ರೈಫಲನ್ನು ಮನೆಗೆ ತಂದರು.

ಆ ಮಧ್ಯಾಹ್ನ ನೋಡಬೇಕಿತ್ತು ನೀವು. ಅಮ್ಮಣಿಯಕ್ಕ ಬಾಗಿಲಲ್ಲೇ ಆರತಿ ಎತ್ತಿ, ಹಿಡಿಗೆ ಕುಂಕುಮವಿಟ್ಟು, ದಾಸವಾಳದ ಹೂವೊಂದನ್ನು ಸಿಕ್ಕಿಸಿದರು. ನೆರೆಕರೆಯವರೆಲ್ಲ ಜಗಲಿಯಲ್ಲಿ ತುಂಬಿದರು. ಹಿತ್ತಲಿನ ತೆಂಗಿನಮರದಲ್ಲಿ ಯಾವತ್ತಿನ ದೊಡ್ಡ ಗಡವ ಮಂಗ ಎಳನೀರು ತಿರುವುತ್ತಾ ಕೂತಿತ್ತು.

"ಒಮ್ಮೆ ಹೊಡಿರಿ, ಅದು ಓಡ್ಲಿ," ಎಂದರು ಅಮ್ಮಣಿಯಕ್ಕ. "ಅದಕ್ಕೆ ತಾಗಿಸ್ಬೇಡಿ, ಆಯ್ತಾ?"

ರುಕ್ಮಯ್ಯ ಹಿತ್ತಲಿನ ಮಣ್ಣಿನ ದಿಬ್ಬಕ್ಕೆ ಒಂದು ತೆಂಗಿನ ಗೆರಟೆ ಒರಗಿಸಿಟ್ಟರು. ಎಲ್ಲರನ್ನೂ ಹಿಂದೆ ನಿಲ್ಲಿಸಿದರು. ಹೆಂಗಸರು ಕಿವಿ ಮುಚ್ಚಿಕೊಂಡರು, ನಾನೂ ಮುಚ್ಚಿಕೊಂಡೆ. ಅವರು ಉಸಿರು ಬಿಗಿಹಿಡಿದು ಕೋವಿಯ ಕುದುರೆ ಎಳೆದರು.

ಟಪ್.

ಅಷ್ಟೇ. ಗೆರಟೆ ನಡುವಿಗೇ ಸೀಳಿ ಎರಡು ಹೋಳಾಗಿ ಬಿದ್ದಿತ್ತು, ಅದರಲ್ಲಿ ಸಂಶಯವಿಲ್ಲ. ಆದರೆ ಮಂಗ ತೆಂಗಿನ ಗರಿಗಳ ಸಂದಿಯಿಂದ ಬಗ್ಗಿ, ಏನು ಬಿತ್ತೆಂದು ಒಮ್ಮೆ ನೋಡಿ, ಮತ್ತೆ ಎಳನೀರಿಗೆ ಬಾಯಿ ಹಾಕಿತು.

"ಇಷ್ಟೆಯಾ?" ಎಂದರು ಅಮ್ಮಣಿಯಕ್ಕ. "ಒಗ್ಗರಣೆಗೆ ಸಾಸಿವೆ ಹಾಕಿದ್ರೂ ಇದಕ್ಕಿಂತ ಜೋರು ಸದ್ದು ಬರ್ತದೆ!"

ಜಗಲಿಯಲ್ಲಿ ನಗುವೋ ನಗು. ರುಕ್ಮಯ್ಯನವರಿಗೆ ಅದು ಕೇಳಿಸಲೇ ಇಲ್ಲ. ಅವರು ಗೆರಟೆಯ ಹೋಳುಗಳನ್ನು ಹೆಕ್ಕಿ ತಂದು ಎಲ್ಲರಿಗೂ ತೋರಿಸುತ್ತಿದ್ದರು. "ನಡುವಿಗೇ ಬಿದ್ದದ್ದು, ನೋಡಿ. ನಡುವಿಗೇ. ಎಂಥ ಕೋವಿ!" ಎಂದು ಒಬ್ಬೊಬ್ಬರ ಹತ್ತಿರವೂ ಹೇಳಿದರು. ಅಷ್ಟು ಸಂತೋಷದ ಮುಖವನ್ನು ನಾನು ಪೊಲೀಸಿನವರಲ್ಲಿ ಕಂಡದ್ದಿಲ್ಲ.

ಆಗ ಫೋನು ಬಂತು. ಎಸ್.ಐ. ಸಾಹೇಬರ ದನಿ, ಸ್ಪೀಕರಿನ ಅಗತ್ಯವೇ ಇಲ್ಲ.

"ರುಕ್ಮಯ್ಯ, ಟಿ.ವಿ. ಹಚ್ಚರಿ! ಇಲೆಕ್ಷನ್ ಡಿಕ್ಲೇರ್ ಆತು! ಖರೇನ ಆತು! ನಾ ಹೊರಗ ಬಂದೀನಿ, ಬಂದೂಕ ಎಲ್ಲಾ ವಾಪಸ್ ಹೋಗ್ಯಾವೇನ್ರೀ?"

"ಎಲ್ಲಿಂದ ಸರ್? ನಾನು ರಜೆಯಲ್ಲಿ. ಯಾರ ಕೋವಿ ಎಲ್ಲಿ ಇಟ್ಟದ್ದು ಅಂತ ನನ್ನನ್ನು ಬಿಟ್ಟು ಯಾರಿಗೆ ಗೊತ್ತುಂಟು?"

"ದೇವರು ದೊಡ್ಡಾಂವ! ಮ್ಯಾಲಿಂದ ಫೋನ್ ಬಂದಿತ್ತು. ಡಿಕ್ಲೇರ್ ಆದ ತಾಸಿನ್ಯಾಗ ಎಲ್ಲಾ ಬಂದೂಕ ಜಮಾ ಆಗಿದ್ದ ಠಾಣೆ ನಮ್ದೊಂದ ಅಂತ. ಎಂಥಾ ಮುಂದಾಲೋಚನೆ ಅಂತ ಶಾಬಾಸ್‌ಗಿರಿ ಕೊಟ್ರು. ನಾ ಸುಮ್ನ ಹೂಂ ಅಂದೆ. ಒಂದೂ ಬಾಕಿ ಇಲ್ಲ ಹೌದಿಲ್ಲೋ?"

ರುಕ್ಮಯ್ಯ ಕೈಯಲ್ಲಿದ್ದ ರೈಫಲನ್ನು ನೋಡಿದರು. ದಾಸವಾಳ ಇನ್ನೂ ಬಾಡಿರಲಿಲ್ಲ.

"ಒಂದು ಬಾಕಿ ಉಂಟು ಸರ್."

"ಯಾರದ್ರೀ ಅದು? ಯಾಂವ ಆ ಬೇಜವಾಬ್ದಾರಿ ಮನಿಷಾ? ಈಗಿಂದೀಗ ತಂದು ಇಡಂತ ಹೇಳ್ರಿ!"

"ಹೇಳ್ತೇನೆ ಸರ್," ಎಂದರು ರುಕ್ಮಯ್ಯ.

ಸಂಜೆ ಅವರು ರೈಫಲ್ ಹಿಡಿದು ಪೇಟೆಗೆ ಬಂದರು. ನಾನು ಪರವಾನಗಿಯ ಝೆರಾಕ್ಸ್ ಹೊಡೆದುಕೊಟ್ಟು ಜೊತೆಗೇ ಹೋದೆ. ಕೌಂಟರಿನ ಹೊರಗೆ ನಿಂತು, ಎಲ್ಲ ಕೃಷಿಕರ ಹಾಗೆ, ಕೋವಿಯನ್ನು ಮೇಜಿನ ಮೇಲೆ ಮಲಗಿಸಿದರು. ಒಳಗಿನಿಂದ ಯಾರೂ ಬರಲಿಲ್ಲ. ಸ್ವಲ್ಪ ಹೊತ್ತು ಕಾದರು. ಬರಬೇಕಾದವರು ತಾವೇ ಎಂದು ನೆನಪಾಗಿ, ಕೌಂಟರನ್ನು ಸುತ್ತಿ ಒಳಗೆ ಹೋಗಿ, ಟೊಪ್ಪಿ ಹಾಕಿಕೊಂಡು, ಕೋವಿಯನ್ನು ತೆಗೆದುಕೊಂಡರು. ಚೀಟಿ ಬರೆದು ಹರಿದರು. ಮತ್ತೆ ಹೊರಗೆ ಬಂದು, ಟೊಪ್ಪಿ ತೆಗೆದು, ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

"ಒಂದು ರಾತ್ರಿ ಸಹ ಮನೆಯಲ್ಲಿ ಇರ್ಲಿಲ್ಲವಲ್ಲ, ಬೇಜಾರಾ?" ಎಂದು ಕೇಳಿದೆ.

"ಎಂತಕ್ಕೆ ಬೇಜಾರು?" ಎಂದು ಅವರು ಆಶ್ಚರ್ಯದಿಂದ ನೋಡಿದರು. ಕೆಲವು ದಿನದಲ್ಲಿ ನನಗೂ ಅರ್ಥವಾಯಿತು. ಸುಬ್ಬಪ್ಪಜ್ಜ ದಿನ ಬಿಟ್ಟು ದಿನ ನಾರಾವಿಯಿಂದ ಬಸ್ಸು ಹತ್ತಿ ಬಂದು, ಕೌಂಟರಿನ ಆಚೆಯಿಂದ ಕತ್ತು ಉದ್ದ ಮಾಡಿ "ನನ್ನದು ಹೇಗುಂಟು?" ಎಂದು ಕೇಳಿ ಹೋಗುತ್ತಿದ್ದರು. ಮೂರು ತಾಲೂಕಿನಲ್ಲಿ ಎಲ್ಲ ಯಜಮಾನರೂ ತಮ್ಮ ಕೋವಿಯಿಂದ ದೂರವಾಗಿ ಚಡಪಡಿಸುತ್ತಿದ್ದರು. ಬೆಳಿಗ್ಗೆ ಹತ್ತಕ್ಕೆ ಕೋಣೆಯ ಬೀಗ ತೆಗೆದು, ಸಂಜೆಯವರೆಗೆ ತನ್ನ ಕೋವಿಯ ಪಕ್ಕದಲ್ಲೇ ಕುರ್ಚಿ ಹಾಕಿ ಕೂರುವ ಯೋಗವಿದ್ದದ್ದು ರುಕ್ಮಯ್ಯನವರೊಬ್ಬರಿಗೆ.

ಮೊನ್ನೆ ನಾನು ಅಲ್ಲಿದ್ದಾಗಲೇ ಅಮ್ಮಣಿಯಕ್ಕನ ಫೋನು ಬಂತು. ರುಕ್ಮಯ್ಯ ರೈಫಲನ್ನು ಮಡಿಲಲ್ಲಿಟ್ಟುಕೊಂಡಿದ್ದರಿಂದ ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಒತ್ತಿದರು.

"ಊಟಕ್ಕೆ ಬರುದಿಲ್ವಾ? ಇಲ್ಲಿ ಮಂಗಗಳ ಹಿಂಡೇ ಬಂದಿದೆ."

"ಸ್ವಲ್ಪ ತಡ ಆಗ್ತದೆ. ಕೋವಿ ಒರೆಸ್ತಾ ಇದ್ದೇನೆ."

"ಯಾರದ್ದು?"

ಅವರು ಹಿಡಿಯ ಮೇಲೊಮ್ಮೆ ಬಟ್ಟೆ ಆಡಿಸಿ, "ನಮ್ಮದು," ಎಂದರು.

ಆ ಕಡೆಯಿಂದ ಮಂಗಗಳು ತೆಂಗಿನಕಾಯಿ ಉದುರಿಸುವ ಸದ್ದು ಕೇಳಿಸಿತು.

"ಹಾಗಾದ್ರೆ ನಿಧಾನ ಒರೆಸಿ," ಎಂದರು ಅಮ್ಮಣಿಯಕ್ಕ. "ಮಂಗ ನಾನು ಓಡಿಸ್ತೇನೆ."